ಸಮಸ್ಯಾಪೂರಣ: ಸತ್ತ ಮೇಲೈವರನು ಹೆತ್ತಳವಳು

ಈ ವಾರದ ಸಮಸ್ಯೆ

ಕೊನೆಯ ಸಾಲು ಇದು: ‘ಸತ್ತ ಮೇಲೈವರನು ಹೆತ್ತಳವಳು’. ಇದಕ್ಕೆ ಅರ್ಥ ಕೂಡುವಂತೆ ಮೇಲಿನ ಮೂರು ಸಾಲು ಬರೆದು ಪದ್ಯ ಪೂರ್ತಿ ಮಾಡಬೇಕು. ಐದೈದು ಮಾತ್ರೆಯ ಗಣದ ಚೌಪದಿ. ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರದ ‘ತ್ತ’, ತಪ್ಪಬಾರದು. ಕುಂತಿ, ಪಾಂಡವರ ಕಡೆ ಹೋಗಬೇಡಿ, ಆ ದಾರಿ ಸವೆದುಹೋಗಿದೆ. ಚರಿತ್ರೆಯೊಳಗಿಂದ ಉತ್ತರ ಬರಲಿ. ಸುಳಿವು ಬೇಕಾದರೆ ಬೀದರ್ ಕಡೆ ನೋಡಿ.

ಮೊದಲ ಪೂರಣ

ಎತ್ತರದ ಬೀದರಿನ ಕೋಟೆಯಲಿ ಸಿರಿದೇವಿ
ಸುತ್ತ ಸರದಾರರಲಿ ಹಗೆ ಬೆಳೆಯಲು
ಕತ್ತಿಯಲಿ ಮೈ ಸೀಳಿ ನಾಲ್ದೆಸೆಗೆ ಚೂರಾಗಿ
ಸತ್ತ ಮೇಲೈವರನು ಹೆತ್ತಳವಳು

ಸಿರಿದೇವಿ ಅಂದರೆ ಬೀದರಿನಿಂದ ಆಳುತ್ತಿದ್ದ ಬಹಮನಿ ಸುಲ್ತಾನರ ರಾಜ್ಯಲಕ್ಷ್ಮಿ. ಆ ಬಹಮನಿ ರಾಜ್ಯ ಒಡೆದು ಐದಾಯ್ತಲ್ವಾ? ಬಿಜಾಪುರದ ಆದಿಲ್‌ಶಾಹಿ, ಅಹಮದ್‌ನಗರದ ನಿಜಾಮ್‌ಶಾಹಿ, ಬೇರಾರಿನ ಇಮಾದ್‌ಶಾಹಿ, ಗೋಲ್ಕೊಂಡದ ಕುತುಬ್‌ಶಾಹಿ, ಬೀದರಿನಲ್ಲೇ ಬರೀದ್‌ಶಾಹಿ. ಹಗೆ ಅಂದದ್ದು ಇಲ್ಲಿಯವರೇ ಆದ ದಖ್ಖನಿ ಸರದಾರರಿಗೂ ಹೊರನಾಡಿನಿಂದ ಬಂದ ಆಫಾಕಿಗಳಿಗೂ ಇದ್ದ ಜಗಳ.

ಅದಕ್ಕೊಂದು ಮಾತು

ಗಣ, ಪ್ರಾಸ ಎರಡೂ ಸರಿ ಇವೆ. ‘ನಾಲ್ದೆಸೆಗೆ ಚೂರಾಗಿ’ ತುಂಬಾ ಹಿಡಿಸಿತು. ಆದರೆ ‘ಸತ್ತ ಮೇಲೆ’ ಅನ್ನೋ ಗಂಟು ಬಿಚ್ಚಿಲ್ಲ. 1490ರ ಹೊತ್ತಿಗೆ ಬಿಜಾಪುರದ ಯೂಸುಫ್ ಆದಿಲ್ ಖಾನ್, ಅಹಮದ್‌ನಗರದ ಮಲಿಕ್ ಅಹಮದ್, ಬೇರಾರಿನ ಫತಹುಲ್ಲಾ ಇಮಾದ್ ತಮ್ಮ ಪಾಡಿಗೆ ತಾವು ಆಳತೊಡಗಿದ್ದರು. ಆಗ ಸುಲ್ತಾನ ಮಹಮೂದ್ ಷಾ ಬೀದರಿನ ಗದ್ದುಗೆಯ ಮೇಲೇ ಇದ್ದ. 1518ರವರೆಗೂ ಇದ್ದ. ಅವನಾದ ಮೇಲೂ ನಾಲ್ವರು ಬಂದುಹೋದರು. ಹಾಗಾದರೆ ತಾಯಿ ಬದುಕಿದ್ದಾಗಲೇ ಹೆತ್ತಳು ಅಂತಾಯ್ತು.

ಎರಡನೇ ಪೂರಣ

ಕತ್ತಿ ಮುದಿ ಮಂತ್ರಿಯಾ ಕೊರಳ ಕೊಯ್ದಾ ದಿನವೆ
ಸತ್ತಳೈ ಬಹಮನಿಯ ರಾಜ್ಯಲಕ್ಷ್ಮಿ
ಹತ್ತಿ ಸಿಂಹಾಸನವ ಹೆಣವೆ ಕುಳಿತಿರುವಾಗ
ಸತ್ತ ಮೇಲೈವರನು ಹೆತ್ತಳವಳು

ಸಾವಿನ ದಿನ ಯಾವುದು ಅಂತ ಮೊದಲು ತೀರ್ಮಾನ ಆಗಬೇಕು. ನನ್ನ ಪ್ರಕಾರ ಅದು 1481ರ ಏಪ್ರಿಲ್ 5. ಅವತ್ತು ಮೂರನೇ ಮಹಮದ್ ಷಾ ತನ್ನ ಮಂತ್ರಿ ಮಹಮೂದ್ ಗವಾನನ ತಲೆ ತೆಗೆಸಿದ. ಗವಾನನ ವಿರೋಧಿಗಳು ಅವನ ಮೊಹರು ಬಿದ್ದ ಖಾಲಿ ಹಾಳೆ ಸಂಪಾದಿಸಿ, ದಂಡೆತ್ತಿ ಬಾ ಎಂದು ಒಡಿಶಾದ ಗಜಪತಿಯನ್ನು ಕರೆದಂತೆ ಸುಳ್ಳು ಕಾಗದ ಹುಟ್ಟಿಸಿದ್ದರು. ವಿಚಾರಣೆ ಇಲ್ಲ, ಏನಿಲ್ಲ. ಎಂಥ ಅನ್ಯಾಯ! ಗವಾನ್ ಮಾಡಿದ್ದಿಷ್ಟೇ: ನಾಲ್ಕು ದೊಡ್ಡ ತರಫ್‌ಗಳನ್ನು (ಪ್ರಾಂತಗಳನ್ನು) ಎಂಟಾಗಿ ಒಡೆದು, ಒಬ್ಬೊಬ್ಬ ತರಫ್‌ದಾರನ ಕೈಯಲ್ಲಿ ಒಂದೊಂದೇ ಕೋಟೆ ಬಿಟ್ಟಿದ್ದ. ಆ ಸಿಟ್ಟು ಒಳಗೊಳಗೇ ಕುದಿಯುತ್ತಿತ್ತು. ಅವನು ಹೋದ ಮೇಲೆ ಸರದಾರರನ್ನು ಹಿಡಿದಿಡುವವರು ಯಾರೂ ಉಳಿಯಲಿಲ್ಲ. ಮರುವರ್ಷ ಸುಲ್ತಾನನೂ ತೀರಿಕೊಂಡ. ಪಟ್ಟಕ್ಕೆ ಬಂದ ಮಹಮೂದ್ ಷಾ ಇನ್ನೂ 12 ವರ್ಷದ ಹುಡುಗ. ಆಳಿದವನು ಮೊದಲು ಮಲಿಕ್ ಹಸನ್, ಆಮೇಲೆ ಖಾಸಿಂ ಬರೀದ್. ಆ ಹಸನನ ಮಗನೇ ಅಹಮದ್‌ನಗರ ಕಟ್ಟಿದ ಮಲಿಕ್ ಅಹಮದ್, ಖಾಸಿಂ ಬರೀದನಿಂದಲೇ ಬರೀದ್‌ಶಾಹಿ. ಬೀದರಿನಲ್ಲಿ ಹೆಸರಿಗಷ್ಟೇ ಸುಲ್ತಾನ. ಅದಕ್ಕೇ ‘ಹೆಣವೆ’ ಎಂದೆ.

ಸಮಸ್ಯೆ ಕೊಟ್ಟವರಿಂದ

ನನ್ನ ಮತ ಎರಡನೆಯದಕ್ಕೆ. ಇಲ್ಲಿ ‘ಸತ್ತ’, ‘ಹೆತ್ತ’ ಎರಡಕ್ಕೂ ಕಾರಣ ಸಿಕ್ಕಿತು. ‘ಹೆಣವೆ’ ಅನ್ನೋದಕ್ಕೆ ಸಾಕ್ಷಿ ಬೇಕಾದವರು ಬೀದರಿನ ಪಕ್ಕದ, ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರಿಗೆ ಹೋಗಿಬನ್ನಿ. ವೈಭವದ ಕಾಲದ ಸುಲ್ತಾನ ಅಹಮದ್ ಷಾ ವಲಿಯ ಗುಮ್ಮಟದೊಳಗೆ ಕತ್ತೆತ್ತಿ ನೋಡಿದರೆ ಮೇಲೆಲ್ಲ ಬಣ್ಣದ ಚಿತ್ತಾರ, ಚಿನ್ನದ ಹೊಳಪು. ಅಲ್ಲಿಂದ ಕೊನೆಯ ಸುಲ್ತಾನರ ಗೋರಿಗಳ ಕಡೆ ಬನ್ನಿ. ವಲೀಉಲ್ಲಾ, ಕಲೀಮುಲ್ಲಾ ಅವರವು ಎಷ್ಟು ಚಿಕ್ಕವು ಅಂದರೆ, ಅರಸರ ಗೋರಿ ಅಂತ ಯಾರಾದರೂ ಹೇಳಬೇಕು.

ಅಷ್ಟೂರನ್ನೇ ಇಟ್ಟುಕೊಂಡು ಮೂರನೇ ಪೂರಣ ಯಾರು ಬರೀತೀರಿ? ಭಾನುವಾರ ರಾತ್ರಿವರೆಗೆ ಸಮಯ ಇದೆ.