20% ಆಲ್ಬುಮಿನ್: ಎಷ್ಟು ಬಾಟಲ್, ಯಾವ ವೇಗ, ಹನಿ ಯಾಕೆ ನಿಲ್ಲುತ್ತೆ?

ಪ್ರಶ್ನೆ: ಲಿವರ್ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡೋ ಕಾಯಿಲೆ) ರೋಗಿ, ಸೀರಮ್ ಆಲ್ಬುಮಿನ್ (ಲಿವರ್ ತಯಾರಿಸೋ ರಕ್ತದ ಪ್ರೋಟೀನ್) 2.1 ಗ್ರಾಂ/ಡಿಎಲ್. ಹೊಟ್ಟೆಯಿಂದ ಸುಮಾರು 9 ಲೀಟರ್ ನೀರು ಟ್ಯಾಪ್ ಮಾಡ್ತಾರೆ (ಸೂಜಿಯಿಂದ ಹೊರತೆಗೀತಾರೆ). 20% ಆಲ್ಬುಮಿನ್, 100 ಎಂಎಲ್ ಗಾಜಿನ ಬಾಟಲ್ ತರಿಸಿದ್ದೇವೆ. ಎಷ್ಟು ಬೇಕಾಗುತ್ತೆ? ಅರ್ಧಕ್ಕೇ ಹನಿ ನಿಲ್ಲೋದು, ನೊರೆ ಬರೋದು ಯಾಕೆ? ಇನ್ನೊಂದು ನಾಲ್ಕು ಬಾಟಲ್ ಹಾಕಿ 3.5ಕ್ಕೆ ತನ್ನಿ ಅಂತ ಮನೆಯವರ ಒತ್ತಾಯ ಬೇರೆ.

ಉತ್ತರ 1 (ವಾರ್ಡ್ ನರ್ಸ್): ಸಿಸ್ಟರ್, ಹನಿ ನಿಂತರೆ ಮೊದಲು ಡ್ರಿಪ್ ಸೆಟ್ಟಿನ ಏರ್ ವೆಂಟ್ (ಬಾಟಲಿಗೆ ಗಾಳಿ ಬಿಡೋ ಕಿಂಡಿ) ನೋಡಿ. ಪ್ಲಾಸ್ಟಿಕ್ ಬಾಟಲ್ ತಾನೇ ಕುಗ್ಗುತ್ತೆ, ಗಾಜು ಕುಗ್ಗಲ್ಲ. ಒಳಗೆ ಗಾಳಿ ಹೋಗದಿದ್ದರೆ ದ್ರವ ಇಳಿಯಲ್ಲ. ಹಾಗಾಗಿ ವೆಂಟ್ ಇರುವ ಸೆಟ್ಟೇ ಬೇಕು. ರೋಲರ್ (ಹನಿಯ ವೇಗ ಹೊಂದಿಸೋ ಚಕ್ರ), ವೆಂಟ್ ಎರಡನ್ನೂ ಮುಚ್ಚಿಟ್ಟುಕೊಂಡು ಸ್ಪೈಕನ್ನು (ಸೆಟ್ಟಿನ ಚೂಪು ತುದಿ) ಬಾಟಲಿನ ರಬ್ಬರ್ ಮುಚ್ಚಳದ ನಡುವೆ ನೆಟ್ಟಗೆ ಚುಚ್ಚಿ. ಓರೆಯಾಗಿ ಚುಚ್ಚಿದರೆ ರಬ್ಬರ್ ಚೂರು ಒಳಗೆ ಬೀಳುತ್ತೆ. ಬಾಟಲ್ ತೂಗುಹಾಕಿ, ಹನಿ ಬೀಳೋ ಚೇಂಬರ್ ಅದುಮಿ ಅರ್ಧ ತುಂಬಿಸಿ, ಆಮೇಲೆ ವೆಂಟಿನ ಮುಚ್ಚಳ ತೆಗೀರಿ. ಮೊದಲೇ ತೆಗೆದರೆ ವೆಂಟಿನ ಫಿಲ್ಟರ್ ಒದ್ದೆಯಾಗಿ ಅಂಟಿಕೊಳ್ಳುತ್ತೆ. ನಿಮ್ಮಲ್ಲಿ ಅರ್ಧಕ್ಕೆ ನಿಲ್ಲೋದು ಬಹುಶಃ ಇದರಿಂದಲೇ. ನೊರೆ ಬರೋದು ಕುಲುಕೋದರಿಂದ. ಕುಲುಕಲೇಬೇಡಿ, ಬಂದಿದ್ದರೆ ಇಳಿಯೋವರೆಗೂ ಬಾಟಲನ್ನು ಹಾಗೇ ಇಡಿ.

ಉತ್ತರ 2 (ಫಿಸಿಶಿಯನ್): 5 ಲೀಟರಿಗಿಂತ ಹೆಚ್ಚು ತೆಗೆದರೆ ಪ್ರತಿ ಲೀಟರಿಗೆ 8 ಗ್ರಾಂ ಆಲ್ಬುಮಿನ್. ತಪ್ಪಾಗೋದು ಇಲ್ಲೇ: 5 ಕಳೆದು ಉಳಿದ 4ಕ್ಕೆ ಲೆಕ್ಕ ಹಾಕ್ತಾರೆ. ಹಾಗಲ್ಲ, ಪೂರ್ತಿ 9ಕ್ಕೂ ಹಾಕಬೇಕು. 9 × 8 = 72 ಗ್ರಾಂ. ಒಂದು ಬಾಟಲಿನಲ್ಲಿ 20 ಗ್ರಾಂ, ಅಂದರೆ 4 ಬಾಟಲ್. ನಿಮಿಷಕ್ಕೆ 1–2 ಎಂಎಲ್, ಬಾಟಲಿಗೆ ಸುಮಾರು ಒಂದು ಗಂಟೆ. 20% ಆಲ್ಬುಮಿನ್ ಸುತ್ತಲಿನ ಅಂಗಾಂಶದ ನೀರನ್ನು ರಕ್ತನಾಳದೊಳಕ್ಕೆ ಎಳೆದುಕೊಳ್ಳುತ್ತೆ. ಆದ್ದರಿಂದ 100 ಎಂಎಲ್ ತಾನೇ ಅಂತ ಓಡಿಸಬೇಡಿ. ಉಸಿರಾಟ ಜಾಸ್ತಿಯಾದರೆ, ಕೆಮ್ಮು ಶುರುವಾದರೆ, ಸ್ಯಾಚುರೇಶನ್ (ರಕ್ತದ ಆಮ್ಲಜನಕ ಮಟ್ಟ) ಇಳಿದರೆ ತಕ್ಷಣ ನಿಲ್ಲಿಸಿ ಡಾಕ್ಟರನ್ನು ಕರೀರಿ.

ಮನೆಯವರಿಗೆ ಹೀಗೆ ಹೇಳಿ: ಆರೋಗ್ಯವಂತ ಲಿವರ್ ದಿನಕ್ಕೆ 10–15 ಗ್ರಾಂ ತಯಾರಿಸುತ್ತೆ, ಇವರದಕ್ಕೆ ಆ ಶಕ್ತಿ ಇಲ್ಲ. ಬಾಟಲ್ ಹಾಕಿ ಏರಿಸಿದ ಅಂಕಿ ನಿಲ್ಲಲ್ಲ. ಆಸ್ಪತ್ರೆ ಸೇರಿದ ಸಿರೋಸಿಸ್ ರೋಗಿಗಳಿಗೆ ಆಲ್ಬುಮಿನ್ 3ಕ್ಕೆ ಮುಟ್ಟುವಷ್ಟು ಹಾಕಿ ನೋಡಿದ ದೊಡ್ಡ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಲಾಭ ಕಾಣಲಿಲ್ಲ, ಶ್ವಾಸಕೋಶದಲ್ಲಿ ನೀರು ತುಂಬಿದ ತೊಂದರೆ ಮಾತ್ರ ಹೆಚ್ಚಾಯಿತು. ಟ್ಯಾಪಿಂಗ್ ಆದಮೇಲೆ ಹಾಕೋದು ರಕ್ತಪರಿಚಲನೆ ಕುಸಿಯದಿರಲಿ ಅಂತ. ರಿಪೋರ್ಟಿನ ಅಂಕಿಗಾಗಿ ಅಲ್ಲ.

ಉತ್ತರ 3 (ಫಾರ್ಮಸಿ): ನಾಲ್ಕನ್ನೂ ಒಟ್ಟಿಗೆ ಚುಚ್ಚಿಡಬೇಡಿ. ಇದರಲ್ಲಿ ಪ್ರಿಸರ್ವೇಟಿವ್ ಇಲ್ಲ, ತೆರೆದ 4 ಗಂಟೆಯೊಳಗೆ ಮುಗಿಯಬೇಕು. ತಿಳಿಹಳದಿಯಿಂದ ಕಂದುಹಳದಿವರೆಗೆ ಯಾವ ಬಣ್ಣವಾದರೂ ಸರಿ, ತುಸು ಹಸಿರು ಛಾಯೆಯಿದ್ದರೂ ಚಿಂತೆಯಿಲ್ಲ. ಕದಡಿದ್ದರೆ ಅಥವಾ ತಳದಲ್ಲಿ ಗಸಿ ಇದ್ದರೆ ವಾಪಸ್ ಕಳಿಸಿ. ಫ್ರೀಜ್ ಆದದ್ದೂ ಬೇಡ. ರಕ್ತದ ಗುಂಪು ಹೊಂದಿಸೋದು ಬೇಕಿಲ್ಲ, ಆದರೆ ಬ್ಯಾಚ್ ನಂಬರ್ ಕೇಸ್ ಶೀಟಿನಲ್ಲಿ ಬರೆಯಲೇಬೇಕು. ಇದು ದಾನಿಗಳ ಪ್ಲಾಸ್ಮಾದಿಂದ ಬಂದದ್ದು.

5% ಸಿಗಲಿಲ್ಲ ಅಂತ 20%ಗೆ ಸ್ಟೆರೈಲ್ ವಾಟರ್ ಬೆರೆಸೋದು ಪ್ರಾಣಕ್ಕೇ ಕುತ್ತು. ದ್ರಾವಣದಲ್ಲಿ ಲವಣ ತೀರಾ ಕಡಿಮೆಯಾಗಿ ರಕ್ತದ ಕೆಂಪು ಕಣಗಳು ಒಡೆಯುತ್ತವೆ. ತೆಳು ಮಾಡಲೇಬೇಕಿದ್ದರೆ ನಾರ್ಮಲ್ ಸಲೈನ್ ಅಥವಾ 5% ಡೆಕ್ಸ್ಟ್ರೋಸ್.

ಉತ್ತರ 4 (ಲ್ಯಾಬ್): ಮರುಪರೀಕ್ಷೆಗೆ ಡ್ರಿಪ್ ಓಡ್ತಿರೋ ಕೈಯಿಂದ ರಕ್ತ ತೆಗೀಬೇಡಿ. ಟೂರ್ನಿಕೆಟ್ (ತೋಳಿಗೆ ಕಟ್ಟೋ ಪಟ್ಟಿ) ಬಹಳ ಹೊತ್ತು ಬಿಗಿದರೂ ಆಲ್ಬುಮಿನ್ ಏರಿ ತೋರಿಸುತ್ತೆ. ಎರಡು ಲ್ಯಾಬಿನ ಅಂಕಿ ಹೋಲಿಸೋ ಮುಂಚೆ ಆಲ್ಬುಮಿನ್ ಅಳೆಯೋಕೆ ಯಾವ ಡೈ (ಬಣ್ಣ) ಬಳಸ್ತಾರೆ ಅಂತ ಕೇಳಿ: ಬ್ರೋಮೊಕ್ರೆಸಾಲ್ ಗ್ರೀನ್ ರಕ್ತದ ಇನ್ನೊಂದು ಪ್ರೋಟೀನ್ ಗ್ಲಾಬ್ಯುಲಿನ್ನನ್ನೂ ಸ್ವಲ್ಪ ಹಿಡಿಯೋದರಿಂದ ಬ್ರೋಮೊಕ್ರೆಸಾಲ್ ಪರ್ಪಲ್‌ಗಿಂತ ಹೆಚ್ಚು ತೋರಿಸುತ್ತೆ. ಇನ್ನೊಂದು, ಆಲ್ಬುಮಿನ್ 2.1 ಇರುವಾಗ ಕ್ಯಾಲ್ಸಿಯಂ 7.6 ಅಂತ ಬಂದರೆ ಗಾಬರಿ ಬೇಡ, ಕ್ಯಾಲ್ಸಿಯಂನ ಒಂದು ಪಾಲು ಆಲ್ಬುಮಿನ್ನಿಗೆ ಅಂಟಿಕೊಂಡಿರುತ್ತೆ. 4ರಿಂದ 2.1 ಕಳೆದು 0.8ರಿಂದ ಗುಣಿಸಿ: 1.5. ಅದನ್ನು ಕೂಡಿಸಿದರೆ 9.1. ಆದರೂ ಅನುಮಾನವಿದ್ದರೆ ಅಯನೈಸ್ಡ್ (ಪ್ರೋಟೀನಿಗೆ ಅಂಟದ) ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿ.