ಗ್ಯಾಸ್ ತುಂಬಿದೆ, ಒಲೆ ಮಾತ್ರ ಹತ್ತುತ್ತಿಲ್ಲ (3 ಘನ ಮೀಟರ್ ದೀನಬಂಧು ಮಾದರಿ ಗೋಬರ್ ಗ್ಯಾಸ್ ಗುಂಡಿ)

ಮಾಯಕೊಂಡ ರೈತ
ನಮಸ್ಕಾರ. ತಲೆ ಕೆಟ್ಟು ಹೋಗಿದೆ. ಆರು ವರ್ಷದಿಂದ ಒಂದು ದಿನವೂ ಕೈ ಕೊಡದ ಗೋಬರ್ ಗ್ಯಾಸ್ ಒಂದು ವಾರದಿಂದ ಹೀಗಾಗಿದೆ. ವಾಲ್ವ್ ತಿರುಗಿಸಿದರೆ ಸುಯ್ ಅಂತ ಸದ್ದು ಬರುತ್ತೆ. ಕಡ್ಡಿ ಗೀರಿದರೆ ಹತ್ತಲ್ಲ. ಹತ್ತಿದರೂ ಜ್ವಾಲೆ ಬರ್ನರ್ ಬಿಟ್ಟು ಮೇಲೆ ಹಾರಿ ಆರಿಹೋಗುತ್ತೆ. ಒತ್ತಡ ನೋಡುವ ಯು ಟ್ಯೂಬ್‌ನಲ್ಲಿ ನೀರು ಚೆನ್ನಾಗಿಯೇ ಏರಿದೆ. ಸಗಣಿ ಎಂದಿನಂತೆ ಹಾಕುತ್ತಿದ್ದೇನೆ. ಅಮ್ಮ ಮತ್ತೆ ಸೌದೆ ಒಲೆ ಊದುತ್ತಾ ಕೂತಿದ್ದಾರೆ, ನೋಡೋಕಾಗಲ್ಲ. ಯಾರಾದರೂ ಹೇಳಿ.

ಹರಿಹರ ವೆಲ್ಡರ್
ಪೈಪಲ್ಲಿ ನೀರು ನಿಂತಿದೆ. ಗ್ಯಾಸಿನ ಜೊತೆ ಬರುವ ಹಬೆ ತಣ್ಣಗಾಗಿ ತಗ್ಗಿನಲ್ಲಿ ಸೇರುತ್ತೆ. ಆ ನೀರು ಹಿಡಿಯುವ ಟ್ರ್ಯಾಪ್ ಬಿಚ್ಚಿ ಹರಿಸಿ.

ಮಾಯಕೊಂಡ ರೈತ
ಬಿಚ್ಚಿದೆ ಅಣ್ಣ. ಅರ್ಧ ಲೋಟ ನೀರು ಬಂತು. ಒಲೆ ಹಾಗೇ ಇದೆ.

ಹರಿಹರ ವೆಲ್ಡರ್
ಹಾಗಾದರೆ ಇನ್ನೊಂದು ಕಡೆ ತಗ್ಗಿದೆ. ಗುಂಡಿಯಿಂದ ಅಡುಗೆಮನೆವರೆಗೆ ದಾರ ಹಿಡಿದು ನೋಡಿ. ನಾನು ಮಾಡಿಕೊಟ್ಟ ಲೈನುಗಳಲ್ಲಿ ಹತ್ತಕ್ಕೆ ಎಂಟು ಕಡೆ ಇದೇ ತೊಂದರೆ.

ಹಿರಿಯೂರು ಡ್ರಮ್
ಗ್ಯಾಸ್ ಹಿಡಿಯೋಕೆ ಮೇಲೆ ಕಬ್ಬಿಣದ ಡ್ರಮ್ ಇರೋ ಪ್ಲಾಂಟ್ ಕಟ್ಟಿಸಿದ್ದರೆ ಇಷ್ಟು ತಲೆನೋವೇ ಇರಲಿಲ್ಲ. ಡ್ರಮ್ ಏರಿದ್ದು ಇಳಿದದ್ದು ಕಣ್ಣಿಗೆ ಕಾಣುತ್ತೆ, ಒತ್ತಡವೂ ಒಂದೇ ಸಮ ಇರುತ್ತೆ.

ಹರಿಹರ ವೆಲ್ಡರ್
ಡ್ರಮ್ಮಿಗೆ ತುಕ್ಕು ಹಿಡಿದಾಗ ಬೆಸುಗೆ ಹಾಕೋಕೆ ಕರೆಯೋದು ನಮ್ಮನ್ನೇ ಸರ್. ದೀನಬಂಧು 1984ರಲ್ಲಿ ಬಂದಿದ್ದೇ ಖರ್ಚು ಕಡಿಮೆ ಮಾಡೋಕೆ. ಗ್ಯಾಸ್ ನಿಲ್ಲೋದು ಇಟ್ಟಿಗೆ ಗುಮ್ಮಟದಲ್ಲಿ, ಕಬ್ಬಿಣದ ಡ್ರಮ್ಮೇ ಬೇಡ.

ಹಿರಿಯೂರು ಡ್ರಮ್
ವರ್ಷಕ್ಕೊಮ್ಮೆ ಬಣ್ಣ ಬಳಿದರೆ ತುಕ್ಕು ಎಲ್ಲಿಂದ ಬರುತ್ತೆ? ನಿಮ್ಮ ಗುಮ್ಮಟ ಬಿರುಕು ಬಿಟ್ಟರೆ ಹುಡುಕೋಕೇ ಆಗಲ್ಲ.

ಸಿರಿಗೆರೆ ಅಕ್ಕ
ಇಬ್ಬರೂ ಸ್ವಲ್ಪ ತಾಳಿ. ಗ್ಯಾಸ್ ಇದೆ, ಒತ್ತಡ ಇದೆ, ಹತ್ತುತ್ತಿಲ್ಲ. ಅಂದರೆ ಅದರಲ್ಲಿ ಉರಿಯುವ ಅನಿಲ, ಅಂದರೆ ಮೀಥೇನ್, ಕಡಿಮೆ ಇದೆ. ರೈತರೇ, ಸಗಣಿ ಬಿಟ್ಟು ಬೇರೆ ಏನು ಹಾಕಿದಿರಿ? ಹೊರಗೆ ಬರುವ ರಾಡಿ ಯಾವ ವಾಸನೆ ಇದೆ?

ಜೋಗಿಮಟ್ಟಿ
ಸಗಣಿ ಗ್ಯಾಸ್ ಹಳೇ ಕಾಲದ್ದು. ಮುಂದೆಲ್ಲ ಹೈಡ್ರೋಜನ್. ನಮ್ಮ ಶೆಡ್ ಮೇಲೆ 5 ಕಿಲೋವ್ಯಾಟ್ ಸೋಲಾರ್ ಇದೆ, 48 ವೋಲ್ಟ್ ಲಿಥಿಯಂ ಬ್ಯಾಟರಿ, ಪಂಪ್ ಅದರಲ್ಲೇ ಓಡುತ್ತೆ. ಉಳಿದ ಕರೆಂಟಲ್ಲಿ ನೀರು ಒಡೆದು ಹೈಡ್ರೋಜನ್ ಮಾಡಿ ಒಲೆ ಉರಿಸೋ ಯೋಚನೆ ಇದೆ. 2023ರ ಜನವರಿಯಲ್ಲೇ ಕೇಂದ್ರ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ, ಆಗ ಇಟ್ಟ ಗುರಿ 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್.

ಸಿರಿಗೆರೆ ಅಕ್ಕ
ತಮ್ಮಾ, ಲೆಕ್ಕ ಹಾಕಿ ನೋಡು. ಒಂದು ಕೆಜಿ ಹೈಡ್ರೋಜನ್‌ಗೆ 50 ಯೂನಿಟ್‌ಗಿಂತ ಜಾಸ್ತಿ ಕರೆಂಟ್ ಬೇಕು. ಸುಟ್ಟರೆ ವಾಪಸ್ ಬರೋದು ಸುಮಾರು 33 ಯೂನಿಟ್. ನಿನ್ನ ಸೋಲಾರ್ ದಿನಕ್ಕೆ 20 ಯೂನಿಟ್ ಕೊಡಬಹುದು. ಅಷ್ಟು ಕರೆಂಟನ್ನು ನೇರವಾಗಿ ಇಂಡಕ್ಷನ್ ಒಲೆಗೆ ಕೊಟ್ಟರೆ ಜಾಸ್ತಿ ಅಡುಗೆ ಆಗುತ್ತೆ. ಹೈಡ್ರೋಜನ್ ಬೇಕಿರೋದು ಬೇರೆ ಕಡೆ. ನಾವು ಮೆಕ್ಕೆಜೋಳಕ್ಕೆ ಹಾಕುವ ಯೂರಿಯಾ ಮಾಡೋಕೆ ಅಮೋನಿಯಾ ಬೇಕು, ಅಮೋನಿಯಾಕ್ಕೆ ಹೈಡ್ರೋಜನ್ ಬೇಕು. ಈಗ ಅದು ಹೆಚ್ಚಾಗಿ ನೈಸರ್ಗಿಕ ಅನಿಲದಿಂದ ಬರುತ್ತಿದೆ. ಮೊದಲು ಅದು ಬದಲಾಗಲಿ.

ಜೋಗಿಮಟ್ಟಿ
ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು (ಐಐಎಸ್‌ಸಿ) ಕೃಷಿ ತ್ಯಾಜ್ಯದಿಂದಲೇ ಹೈಡ್ರೋಜನ್ ತೆಗೆದಿದ್ದಾರೆ ಅಕ್ಕಾ. ಒಂದು ಕೆಜಿಗೆ 100 ಗ್ರಾಂ ಬರುತ್ತಂತೆ. ನಮ್ಮ ಕಡೆ ಜೋಳದ ದಂಟು ಸುಮ್ನೆ ಸುಡ್ತಾರೆ.

ಸಿರಿಗೆರೆ ಅಕ್ಕ
ಅದು ಒಳ್ಳೆಯ ದಾರಿ, ನನಗೂ ಆಸೆ ಇದೆ. ಆದರೆ ಅದಕ್ಕೆ ತ್ಯಾಜ್ಯವನ್ನು ಕಾಯಿಸಿ ಗ್ಯಾಸ್ ಮಾಡುವ ದೊಡ್ಡ ಯಂತ್ರ, ಗ್ಯಾಸಿಫೈಯರ್, ಬೇಕು, ಮನೆ ಹಿಂದೆ ಆಗಲ್ಲ. ಗಾಳಿ ನಿಂತ ದಿನ ನಿಮ್ಮ ಜೋಗಿಮಟ್ಟಿ ಗುಡ್ಡದ ಕರೆಂಟ್ ಮಾಡುವ ಫ್ಯಾನುಗಳೂ ನಿಲ್ಲುತ್ತವೆ. ಆಗಲೂ ರಾತ್ರಿ ಒಲೆ ಉರಿಸೋದು ಗುಂಡಿಯಲ್ಲಿ ಕೂಡಿಟ್ಟ ಗ್ಯಾಸೇ. ರೈತರೇ, ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಮಾಯಕೊಂಡ ರೈತ
ಅಕ್ಕಾ, ಹೊರಗಿನ ರಾಡಿ ಕೆಟ್ಟ ಮಜ್ಜಿಗೆ ಥರ ಹುಳಿ ವಾಸನೆ. ಮೇಲೆ ಬಿಳಿ ನೊರೆ ಕಟ್ಟಿದೆ. ಬೇರೆ ಏನೂ ಹಾಕಿಲ್ಲ. ಕಲ್ಯಾಣ ಮಂಟಪದಲ್ಲಿ ಉಳಿದ ಅನ್ನ, ಸಾರು, ಮೊಸರನ್ನ ಮಾತ್ರ, ದಿನಕ್ಕೆ ಎರಡು ಬಕೆಟ್, ಮದುವೆ ಸೀಸನ್ ಶುರುವಾದಾಗಿನಿಂದ. ಗ್ಯಾಸ್ ಜಾಸ್ತಿ ಬರುತ್ತೆ ಅಂದಿದ್ದರು.

ಹರಿಹರ ವೆಲ್ಡರ್
ಅದನ್ನು ಮೊದಲೇ ಹೇಳಬೇಕಲ್ವಾ! ಆದರೂ ಪೈಪ್ ತಗ್ಗು ನೋಡಿ.

ಸಿರಿಗೆರೆ ಅಕ್ಕ
ಸಿಕ್ಕಿತು. ಗುಂಡಿ ಹುಳಿಯಾಗಿದೆ. ಒಳಗೆ ಒಂದು ಗುಂಪು ಸೂಕ್ಷ್ಮಜೀವಿ ಅನ್ನವನ್ನು ಒಡೆದು ಹುಳಿ ಮಾಡುತ್ತೆ. ಜೊತೆಗೆ ಹೈಡ್ರೋಜನ್ನೂ ಕಾರ್ಬನ್ ಡೈಆಕ್ಸೈಡೂ ಬಿಡುತ್ತೆ. ಇನ್ನೊಂದು ಗುಂಪು ಇವನ್ನೆಲ್ಲ ತಿಂದು ಮೀಥೇನ್ ಮಾಡುತ್ತೆ. ಮೊದಲನೆಯದು ಬೇಗ ಬೆಳೆಯುತ್ತೆ, ಎರಡನೆಯದು ತುಂಬಾ ನಿಧಾನ. ಅನ್ನ ಸುರಿದ ಹಾಗೆಲ್ಲ ಹೈಡ್ರೋಜನ್ ತಿನ್ನುವವರಿಲ್ಲದೆ ಉಳಿಯುತ್ತೆ, ಅದು ಉಳಿದರೆ ಹುಳಿ ಕರಗುವುದು ಇನ್ನೂ ಕಷ್ಟ. ಜೋಗಿಮಟ್ಟಿಯವರು ಹೇಳಿದ ಹೈಡ್ರೋಜನ್ ನಿಮ್ಮ ಗುಂಡಿಯಲ್ಲೇ ಹುಟ್ಟುತ್ತೆ, ತಿನ್ನುವವರು ಸೋತಿದ್ದಾರೆ ಅಷ್ಟೆ. ಚೆನ್ನಾಗಿರುವ ಗ್ಯಾಸಲ್ಲಿ ಮೀಥೇನ್ ನೂರಕ್ಕೆ 55ರಿಂದ 65 ಇರುತ್ತೆ. ಅರ್ಧಕ್ಕಿಂತ ಇಳಿದರೆ ಜ್ವಾಲೆ ನಿಲ್ಲಲ್ಲ.

ಅನ್ನ ಇವತ್ತೇ ನಿಲ್ಲಿಸಿ. ಒಂದು ವಾರ ಸಗಣಿಯೂ ಬೇಡ. ಈಗಿರುವ ಗ್ಯಾಸನ್ನು ಬಯಲಲ್ಲಿ, ಬೆಂಕಿಯಿಂದ ದೂರ ಬಿಡಿ. ಹುಳಿ ಅಳೆಯುವ ಪಿಎಚ್ ಕಾಗದ ತಂದು ರಾಡಿಗೆ ಅದ್ದಿ ನೋಡಿ, 7ರ ಹತ್ತಿರ ಇರಬೇಕು, ಇಳಿದಷ್ಟೂ ಹುಳಿ ಜಾಸ್ತಿ. ಸುಣ್ಣದ ತಿಳಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ಹಾಕಿ, ಒಮ್ಮೆಲೆ ಸುರಿಯಬೇಡಿ. ಯಾವ ಕಾರಣಕ್ಕೂ ಗುಂಡಿಯೊಳಗೆ ಇಳಿಯಬೇಡಿ, ಉಸಿರು ಕಟ್ಟುತ್ತೆ.

ಮಾಯಕೊಂಡ ರೈತ
ಕಾಗದ ಅದ್ದಿದೆ. ಹಸಿರಾಗಬೇಕಿತ್ತು, ಕಿತ್ತಳೆ ಬಣ್ಣ ಬಂತು. ಡಬ್ಬಿ ಮೇಲಿನ ಪಟ್ಟಿಗೆ ಹಿಡಿದರೆ 5.5.

ಹಿರಿಯೂರು ಡ್ರಮ್
ಅಕ್ಕ ಹೇಳಿದ್ದು ಸರಿ. ಅನ್ನ ಹಾಕಲೇಬಾರದು ಅಂತಲ್ಲ. ನಾನು ಸಗಣಿ ಜೊತೆ ದಿನಕ್ಕೆ ಒಂದು ಬೋಸಿ ಹಾಕುತ್ತೇನೆ. ಎರಡು ಬಕೆಟ್ ಜಾಸ್ತಿಯಾಯಿತು.

ಮಾಯಕೊಂಡ ರೈತ (ಹನ್ನೆರಡು ದಿನದ ಮೇಲೆ)
ಹುಳಿ ವಾಸನೆ ಕಡಿಮೆಯಾಗಿದೆ. ಪಿಎಚ್ 6.5ಕ್ಕೆ ಬಂದು ಅಲ್ಲೇ ನಿಂತಿದೆ. ನಿನ್ನೆ ಸಂಜೆ ಒಲೆ ಹತ್ತಿತು, ನೀಲಿ ಜ್ವಾಲೆ, ಟೀ ಕುದಿಯುವಷ್ಟು ಹೊತ್ತು. ಅಮ್ಮ ಕೂಗಿ ನನ್ನನ್ನು ಕರೆದರು. ಆಮೇಲೆ ಆರಿತು. ಇವತ್ತು ಮತ್ತೆ ಇಲ್ಲ.

ಸಿರಿಗೆರೆ ಅಕ್ಕ
ನೀಲಿ ಬಂದರೆ ಜೀವ ಇದೆ ಅಂತ ಅರ್ಥ. ಈಗ ಹೆಪ್ಪು ಹಾಕಬೇಕು, ಮೊಸರಿಗೆ ಹಾಕಿದ ಹಾಗೆ. ಚೆನ್ನಾಗಿ ನಡೆಯುವ ಗುಂಡಿಯ ರಾಡಿ ಬೇಕು. ನಮ್ಮದರಿಂದ ಕೊಡುತ್ತೇನೆ.

ಮಾಯಕೊಂಡ ರೈತ
ಭಾನುವಾರ ಬರುತ್ತೇನೆ ಅಕ್ಕಾ. 20 ಲೀಟರ್ ಕ್ಯಾನ್ ಎರಡು ಸಾಕಾ?

ಹರಿಹರ ವೆಲ್ಡರ್
ಬರುವಾಗ ಪೈಪಿನ ಫೋಟೊ ಹಾಕಿ.

ಸಿರಿಗೆರೆ ಅಕ್ಕ
ಹತ್ತಾದರೂ ತನ್ನಿ, ಗಾಡಿ ಮಾಡಿಕೊಂಡು ಬನ್ನಿ. ಮುಚ್ಚಳ ಬಿಗಿ ಮಾಡಬೇಡಿ, ದಾರಿಯಲ್ಲಿ ಕ್ಯಾನ್ ಉಬ್ಬುತ್ತೆ.