ಈ ತಾಮ್ರದ ಬುರುಡೆ ಕೋವಿ ಮದ್ದಿಗೋ, ಚರೆಗೋ?

ಗುಬ್ಬಚ್ಚಿ:
ಹಳೇ ಸಾಮಾನಿನ ಮಧ್ಯೆ ಎರಡು ಬುರುಡೆ ಸಿಕ್ಕಿವೆ. ಒಂದು ತಾಮ್ರದ್ದು, ಪೇರಳೆ ಆಕಾರ, ಮೈಮೇಲೆ ಮೊಲ ಮತ್ತು ಹಕ್ಕಿಗಳ ಉಬ್ಬುಚಿತ್ರ. ಬಾಯಿಗೆ ಹಿತ್ತಾಳೆ ನಳಿಕೆ, ಬೆರಳಲ್ಲಿ ಒತ್ತುವ ಸ್ಪ್ರಿಂಗ್ ಮುಚ್ಚಳ. ನಳಿಕೆ ಮೇಲೆ 2¼, 2½, 2¾, 3 ಅಂತಿದೆ. ಕುತ್ತಿಗೆ ಹತ್ತಿರ ಸವೆದ ಅಕ್ಷರದಲ್ಲಿ ಜೇಮ್ಸ್ ಡಿಕ್ಸನ್ ಅಂಡ್ ಸನ್ಸ್, ಶೆಫೀಲ್ಡ್. ಇನ್ನೊಂದು ಚರ್ಮದ್ದು, ಅದರ ಮೇಲೆ 1, 1⅛, 1¼. ಎರಡೂ ಮದ್ದಿಗೇನಾ? ಎಷ್ಟು ಹಳೇದು? ತಾಮ್ರದ್ದನ್ನು ಅಲ್ಲಾಡಿಸಿದರೆ ಒಳಗೆ ಸರಸರ ಅನ್ನುತ್ತೆ.

ಹಳೇಕಬ್ಬಿಣ:
ಉಬ್ಬುಚಿತ್ರ ಬಿಡಿ, ಅದು ಅಂದಕ್ಕೆ. ನಳಿಕೆ ನೋಡಿ. ತಾಮ್ರದ್ದು ಮದ್ದಿನದೇ, ಆ ಅಂಕಿಗಳು ಡ್ರಾಮ್ ಲೆಕ್ಕ, ಒಂದು ಡ್ರಾಮ್ ಅಂದರೆ ಸುಮಾರು 1.77 ಗ್ರಾಂ. ಚರ್ಮದ್ದು ಚರೆಗೆ, ಅಂದರೆ ಸೀಸದ ಸಣ್ಣ ಗುಂಡುಗಳಿಗೆ, ಅದರದ್ದು ಔನ್ಸ್. ಎರಡೂ ಸೇರಿದರೆ ಬಾಯಿಂದ ತುಂಬುವ ಚರೆ ಕೋವಿಯ ಜೋಡಿ. ಪಿಸ್ತೂಲಿನದಾದರೆ ಅಳತೆ ಇಷ್ಟು ದೊಡ್ಡದಿರಲ್ಲ. ಬಳಸುತ್ತಿದ್ದದ್ದು ಹೀಗೆ: ಬುರುಡೆ ತಲೆಕೆಳಗು ಮಾಡಿ, ನಳಿಕೆ ತುದಿಗೆ ಬೆರಳಿಟ್ಟು, ಸ್ಪ್ರಿಂಗ್ ಒತ್ತಿದರೆ ನಳಿಕೆ ತುಂಬುತ್ತೆ, ಬಿಟ್ಟರೆ ಒಳಗಿನ ಮದ್ದು ಅಲ್ಲೇ ನಿಲ್ಲುತ್ತೆ, ಅಳತೆಯಷ್ಟನ್ನು ಕೋವಿಗೆ ಸುರಿಯೋದು. ಅಸಲಿ ಆಗಿದ್ದರೆ 19ನೇ ಶತಮಾನದ್ದು. 1860ರ ನಂತರ ಮದ್ದು, ಚರೆ ಒಟ್ಟಿಗೇ ಇರುವ ತೋಟಾ ಹಾಕುವ ಕೋವಿ ಜಾಸ್ತಿಯಾಯ್ತು, ಇವುಗಳ ಕೆಲಸ ಕಮ್ಮಿಯಾಯ್ತು.

ಕೇಪು:
ಹೆಸರು ಕಂಡ ಕೂಡಲೇ ಕುಣಿಯಬೇಡಿ, ಹೆಸರು ಒತ್ತೋದು ಏನು ಮಹಾ. ಅಲಂಕಾರಕ್ಕೆ ಮಾಡಿದ ನಕಲು ಬೇಕಾದಷ್ಟಿವೆ. ಹಳೇದರಲ್ಲಿ ಎರಡು ಅರ್ಧಗಳನ್ನು ಬೆಸೆದ ಗೆರೆ ಅಂಚಲ್ಲಿ ಕಾಣುತ್ತೆ. ಮೊಲದ ಬೆನ್ನು, ಹಕ್ಕಿಯ ಎದೆ ಹೀಗೆ ಕೈ ಉಜ್ಜುವ ಜಾಗ ಸವೆದಿರಬೇಕು, ತಗ್ಗಿನಲ್ಲಿ ಕೊಳೆ ಕೂತಿರಬೇಕು. ಎಲ್ಲ ಕಡೆ ಒಂದೇ ಸಮ ಕಪ್ಪಾಗಿದ್ದರೆ ಅನುಮಾನ ಪಡಿ. ‘ಮೇಡ್ ಇನ್’ ಅಂತ ದೇಶದ ಹೆಸರಿದ್ದರೆ ಹೆಚ್ಚಾಗಿ 1891ರ ಈಚಿನದು. ಆ ವರ್ಷದಿಂದ ಅಮೆರಿಕಕ್ಕೆ ಹೋಗುವ ಸಾಮಾನಿಗೆ ದೇಶದ ಹೆಸರು ಕಡ್ಡಾಯ ಆಯ್ತು.

ಮಸಿಬಟ್ಟೆ:
ಸರಸರ ಅನ್ನೋದರ ಬಗ್ಗೆ ಯಾರೂ ಮಾತಾಡಲೇ ಇಲ್ವಲ್ಲ! ಕರಿಮದ್ದು, ಅಂದರೆ ಇಂಥ ಹಳೇ ಕೋವಿಯ ಮದ್ದು, ಒಣಗಿದ್ದರೆ ನೂರು ವರ್ಷ ಆದರೂ ಹೊತ್ತಿಕೊಳ್ಳುತ್ತೆ. ಅಲ್ಲಾಡಿಸೋದು ನಿಲ್ಲಿಸಿ. ಕಬ್ಬಿಣದ ಕಡ್ಡಿ ಹಾಕಿ ಕೆದಕಬೇಡಿ, ಬಿಸಿ ತಾಕಿಸಬೇಡಿ, ಬೆಸುಗೆ ಮಾತಂತೂ ಬೇಡ. ನಳಿಕೆ ಒತ್ತಿ ಹಿಡಿದು ನೀರು ತುಂಬಿಸಿ, ನೆನೆಯಲು ಬಿಟ್ಟು ಬಗ್ಗಿಸಿ. ಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪೇ, ಅದು ನೀರಲ್ಲಿ ಕರಗುತ್ತೆ.

ಗುಬ್ಬಚ್ಚಿ:
ಮಾಡಿದೆ, ನೀರು ಮಸಿಯಂತೆ ಬಂತು. ಆದರೆ ಸ್ಪ್ರಿಂಗ್ ಒದ್ದೆಯಾಗಿದೆ, ತುಕ್ಕು ಹಿಡಿಯಲ್ವಾ?

ಮಸಿಬಟ್ಟೆ:
ಹಿಡಿಯುತ್ತೆ, ಸ್ಪ್ರಿಂಗ್ ಉಕ್ಕಿಂದು. ಮದ್ದೆಲ್ಲ ಹೋಗಿ ನೀರು ತಿಳಿಯಾಗುವವರೆಗೆ ತೊಳೆದು, ಚೆನ್ನಾಗಿ ಒರೆಸಿ ಒಂದು ತೊಟ್ಟು ಎಣ್ಣೆ ಬಿಡಿ. ತಾಮ್ರಕ್ಕೆ ಮಾತ್ರ ಪಾಲಿಶ್ ಹಚ್ಚಬೇಡಿ.